ಬಿದ್ದ ಗಂಟೆ ಬರೆದುಕೊಳ್ಳಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಮ್ಮಮ್ಮ ಬಿದ್ದದ್ದು ಆಷಾಢದ ಒಂದು ಬುಧವಾರ, ಬೆಳಗಿನ ಜಾವ ಐದೂವರೆಗೆ. ಬಚ್ಚಲ ಒಲೆಗೆ ಉರಿ ಹಾಕಿ ಹಂಡೆ ನೀರು ಕಾಯಿಸಲು ಹೋಗಿದ್ದರು. ಮಳೆ ಹಿಡಿದು ಎಂಟು ದಿನವಾಗಿತ್ತು, ಕರೆಂಟ್ ಇರಲಿಲ್ಲ. ಹೊಸಿಲು ದಾಟುವಾಗ ಒದ್ದೆ ಕಲ್ಲಿನ ಮೇಲೆ ಕಾಲು ಜಾರಿತು. ತಮ್ಮ ಎದ್ದು ಬರುವಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದರಂತೆ. "ಏನಾಗಲಿಲ್ಲ ಮಾರಾಯ, ಸ್ವಲ್ಪ ಉಳುಕಿದೆ ಅಷ್ಟೆ. ನೀನು ಉರಿ ನೋಡು" ಎಂದರಂತೆ. ಎಪ್ಪತ್ತೆಂಟು ವರ್ಷ. ಹಿಂದಿನ ಸಂಜೆ ಕೊಟ್ಟಿಗೆಗೆ ಹೋಗಿ ಹಾಲು ಕರೆದು ಬಂದವರು.

ಆಪರೇಷನ್ ಆದದ್ದು ಮರುವಾರದ ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಗೆ. ಲೆಕ್ಕ ಹಾಕಿದರೆ 222 ಗಂಟೆ. ದೀಪಾವಳಿಗೆ ಅಮ್ಮ ಇರಲಿಲ್ಲ.

ನಾನು ಹೊರಗಿನವಳಾಗಿ ನಿಂತು ದೂರುತ್ತಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಅದರಲ್ಲಿ ಹತ್ತೊಂಬತ್ತು ವರ್ಷ ಮೂಳೆ ವಾರ್ಡಿನಲ್ಲೇ ಕಳೆದೆ. ಸೊಂಟ ಮುರಿದುಕೊಂಡು ಬಂದ ಅಜ್ಜ ಅಜ್ಜಿಯರು ಎಷ್ಟು ಜನ ನನ್ನ ಕೈಯಲ್ಲಿ ಹಾದುಹೋದರೋ ಲೆಕ್ಕವಿಟ್ಟಿಲ್ಲ. "ಸಿಸ್ಟರ್, ಅಮ್ಮನ ಆಪರೇಷನ್ ಯಾವಾಗ?" ಎಂದು ಮಕ್ಕಳು ಕೇಳಿದಾಗ "ನಾಳೆ ನೋಡೋಣ" ಎಂದು ನೂರಾರು ಸಲ ಹೇಳಿದ್ದೇನೆ. ಆ ನಾಳೆಗಳು ಸೇರಿ ಏನಾಗುತ್ತವೆ ಎಂಬುದು ನನ್ನಮ್ಮನ ಹಾಸಿಗೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಾಗ ಗೊತ್ತಾಯಿತು. ಅದಕ್ಕೇ ಈ ಪತ್ರ.

ನಾನು ಕೇಳುವುದು ಒಂದೇ. ಸೊಂಟದ ಮೂಳೆ ಮುರಿದು ಬಂದ ಪ್ರತಿ ಹಿರಿಯರ ಕೇಸ್ ಶೀಟಿನ ಮೊದಲ ಪುಟದಲ್ಲಿ ಎರಡು ಸಮಯ ಬರೆಸಿ: ಬಿದ್ದ ಗಂಟೆ, ಆಪರೇಷನ್ ಟೇಬಲ್ಲಿಗೆ ಹೋದ ಗಂಟೆ. ನಡುವೆ ಎಷ್ಟು ಗಂಟೆ ಕಳೆಯಿತು ಎಂಬುದನ್ನು ತಿಂಗಳು ತಿಂಗಳು ಜಿಲ್ಲಾವಾರು ಪ್ರಕಟಿಸಿ. ಮಿಕ್ಕಿದ್ದೆಲ್ಲ ಇದರ ಬೆನ್ನಿಗೆ ಬರುತ್ತದೆ ಎಂದು ನಂಬಿದ್ದೇನೆ. ಯಾಕೆ ಎಂದು ಹೇಳುತ್ತೇನೆ.

ಜನ "ಸೊಂಟ ಮುರಿಯಿತು" ಎನ್ನುತ್ತಾರಾದರೂ ಮುರಿಯುವುದು ತೊಡೆಮೂಳೆಯ ಮೇಲ್ತುದಿ. ಸೊಂಟದ ಗುಳಿಯೊಳಗೆ ಕೂರುವ ಚೆಂಡು, ಅದರ ಕೆಳಗಿನ ಕುತ್ತಿಗೆ, ಅದಕ್ಕೂ ಕೆಳಗಿನ ಗಂಟು ಭಾಗ. ವಯಸ್ಸಾದಂತೆ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ, ಹೆಂಗಸರಿಗೆ ಮುಟ್ಟು ನಿಂತ ಮೇಲೆ ಇನ್ನೂ ಬೇಗ. ಆಗ ನಿಂತಲ್ಲಿಂದ ಕುಸಿದರೂ ಸಾಕು. ಗುರುತು ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ: ಬಿದ್ದ ಕಡೆಯ ಕಾಲು ಸ್ವಲ್ಪ ಗಿಡ್ಡ ಕಾಣುತ್ತದೆ, ಪಾದ ಹೊರಕ್ಕೆ ವಾಲಿಕೊಂಡಿರುತ್ತದೆ, ಮಲಗಿದಲ್ಲಿಂದ ಹಿಮ್ಮಡಿ ಎತ್ತಲು ಆಗುವುದಿಲ್ಲ. ಮೂಳೆಯ ಆ ಕುತ್ತಿಗೆ ಭಾಗ ಮುರಿದರೆ ಚೆಂಡಿಗೆ ಹೋಗುವ ರಕ್ತನಾಳಗಳೂ ಹರಿಯುವುದರಿಂದ ಅದು ತಾನಾಗಿ ಕೂಡುವುದು ಕಷ್ಟ. ಅಂಥವರಿಗೆ ಬಾಲ್ ಬದಲಿಸುತ್ತಾರೆ. ಕೆಳಗೆ ಮುರಿದರೆ ರಾಡ್, ಸ್ಕ್ರೂ ಹಾಕುತ್ತಾರೆ. ಎರಡೂ ಈಗ ಜಿಲ್ಲಾ ಕೇಂದ್ರಗಳಲ್ಲಿ ದಿನನಿತ್ಯ ನಡೆಯುವ ಕೆಲಸ. ನಮ್ಮ ಸರ್ಜನ್‌ಗಳಿಗೆ ಇದು ಬರುವುದಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಅವರ ಕೈ ನೋಡಿದವಳು ನಾನು.

ಸಾಯಿಸುವುದು ಮೂಳೆಯಲ್ಲ, ಮಲಗುವುದು. ಎಂಬತ್ತರ ಹತ್ತಿರದ ದೇಹ ಅಂಗಾತ ಬಿದ್ದುಕೊಂಡರೆ ಎದೆಯಲ್ಲಿ ಕಫ ಕಟ್ಟುತ್ತದೆ, ಮೂತ್ರಕ್ಕೆ ಸೋಂಕಾಗುತ್ತದೆ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನ ಕೆಳಗೆ ಚರ್ಮ ಕೆಂಪಾಗಿ ಆಮೇಲೆ ಹುಣ್ಣಾಗುತ್ತದೆ. ಹಲವು ದೇಶದ ಲೆಕ್ಕಗಳೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ: ಸೊಂಟ ಮುರಿದ ನಾಲ್ಕೈದು ಹಿರಿಯರಲ್ಲಿ ಒಬ್ಬರು ವರ್ಷ ತುಂಬುವುದರೊಳಗೆ ಇರುವುದಿಲ್ಲ. ಉಳಿದವರಲ್ಲೂ ಬಹಳ ಜನ ಮೊದಲಿನಂತೆ ಓಡಾಡುವುದಿಲ್ಲ. ಊರಲ್ಲಿ "ವಯಸ್ಸಾಗಿತ್ತು, ಬಿದ್ದರು, ಆಮೇಲೆ ಏಳಲಿಲ್ಲ" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಆ ಸಾಲಿನೊಳಗೆ ಎಷ್ಟು ದಿನಗಳು ಅಡಗಿವೆ ಎಂದು ಯಾರೂ ಕೇಳುವುದಿಲ್ಲ.

ನನ್ನಮ್ಮನ 222 ಗಂಟೆ ಎಲ್ಲಿ ಹೋಯಿತು? ಹೇಳುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಒಬ್ಬರ ತಪ್ಪಾಗಿದ್ದರೆ ನಾನು ಬಹಿರಂಗ ಪತ್ರ ಬರೆಯುತ್ತಿರಲಿಲ್ಲ.

ಮೊದಲ ದಿನ ಹೋದದ್ದು ಮನೆಯಲ್ಲೇ. ಉಳುಕು ಎಂದು ಎಣ್ಣೆ ಹಚ್ಚಿ ಶಾಖ ಕೊಟ್ಟರು. ಸಂಜೆ ಕಟ್ಟು ಹಾಕುವವರನ್ನು ಕರೆಸಿದರು. ಅವರು ಒಳ್ಳೆಯವರು, ಊರಿನ ಎಷ್ಟೋ ಮಕ್ಕಳ ಕೈ ಮೂಳೆ ಕೂರಿಸಿದವರು. ಆದರೆ ತೊಡೆಯ ಬುಡಕ್ಕೆ ಬಿದಿರು ದಬ್ಬೆ ಕಟ್ಟಿ ಅಲುಗಾಡದಂತೆ ನಿಲ್ಲಿಸಲು ಆಗುವುದಿಲ್ಲ. ನನಗೆ ಫೋನ್ ಬಂದದ್ದು ಗುರುವಾರ ಬೆಳಿಗ್ಗೆ. "ಪಾದ ಯಾವ ಕಡೆ ತಿರುಗಿದೆ ನೋಡೋ" ಎಂದೆ. "ಹೊರಗಡೆಗೆ ಅಕ್ಕ" ಎಂದ ತಮ್ಮ. ನನಗೆ ಅಲ್ಲೇ ಗೊತ್ತಾಯಿತು.

ಗುರುವಾರ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಮೂಳೆ ಡಾಕ್ಟರ್ ರಜೆಯಲ್ಲಿದ್ದರು, ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದರು. ಮಣ್ಣು ಕುಸಿದು ರಸ್ತೆ ಬಂದ್ ಆಗಿತ್ತು, ಸುತ್ತು ಹಾಕಿ ಹೋಗಿ ಸೇರುವಾಗ ರಾತ್ರಿ. ಪ್ರತಿ ಗುಂಡಿಗೂ ಅಮ್ಮ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಶುಕ್ರವಾರ ಕಾಲಿಗೆ ತೂಕ ಕಟ್ಟಿದರು. ಆಪರೇಷನ್‌ಗೆ ಮುಂಚೆ ಹೀಗೆ ತೂಕ ಕಟ್ಟುವುದರಿಂದ ನೋವು ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ ಎಂದು ವೈದ್ಯಲೋಕವೇ ಹೇಳಿ ಎಷ್ಟೋ ಕಾಲವಾಯಿತು. ವಾರ್ಡುಗಳಲ್ಲಿ ಇನ್ನೂ ಕಟ್ಟುತ್ತಲೇ ಇದ್ದೇವೆ. ನಾನೂ ಕಟ್ಟಿದ್ದೇನೆ. ಶನಿವಾರ ಫಿಟ್‌ನೆಸ್‌ಗೆ, ಅಂದರೆ ದೇಹ ಆಪರೇಷನ್ ತಡೆಯುತ್ತದೆಯೇ ಎಂದು ನೋಡಲು, ಫಿಸಿಷಿಯನ್ ಬಂದರು. ಎದೆಯಲ್ಲಿ ಏನೋ ಸದ್ದಿದೆ, ಎಕೋ (ಹೃದಯದ ಸ್ಕ್ಯಾನ್) ಆಗಲಿ ಎಂದರು. ಎಕೋ ಸಿಕ್ಕಿದ್ದು ಮಂಗಳವಾರ. ಭಾನುವಾರ ರಜೆ. ಸೋಮವಾರ ಸರ್ಕಾರದ ಉಚಿತ ಚಿಕಿತ್ಸೆ ಯೋಜನೆಯ ಮಂಜೂರಾತಿಗೆ ಹಾಕಿದ ಕಾಗದದಲ್ಲಿ ಕಾರ್ಡಿನ ಹೆಸರಿಗೂ ಆಧಾರಿನ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ ಬಂತು. ಬುಧವಾರ ಆಪರೇಷನ್ ಥಿಯೇಟರಿನ (ಓಟಿ) ಲಿಸ್ಟಿನಲ್ಲಿ ಕೊನೆಯ ಹೆಸರು ಅಮ್ಮನದು. ಅಪಘಾತದ ಕೇಸೊಂದು ಬಂತು, ಅಮ್ಮನದು ಮುಂದಕ್ಕೆ ಹೋಯಿತು. ಗುರುವಾರವೂ ಹಾಗೇ.

ಆ ಎರಡು ದಿನ ಹಿಂದಿನ ರಾತ್ರಿ ಹತ್ತರಿಂದ ಅಮ್ಮನಿಗೆ ಏನೂ ಕೊಟ್ಟಿರಲಿಲ್ಲ. ಮಧ್ಯಾಹ್ನ ಮೂರಕ್ಕೆ "ಇವತ್ತಿಲ್ಲ, ಊಟ ಕೊಡಿ" ಎಂದರು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಚಮಚದಲ್ಲಿ ಗಂಜಿ ತಿಳಿ ಹಾಕಿದರೆ ನುಂಗಲು ಮರೆತವರಂತೆ ನನ್ನನ್ನೇ ನೋಡುತ್ತಿದ್ದರು. ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ಬರಿ ನೀರು ಕೊಡಬಹುದು ಎಂಬುದು ಈಗ ಎಲ್ಲೆಡೆ ಒಪ್ಪಿದ ನಿಯಮ. ಆದರೆ ಲಿಸ್ಟಿನಲ್ಲಿ ಯಾವಾಗ ಕರೆಯುತ್ತಾರೆಂದು ಗೊತ್ತಿಲ್ಲದ ವಾರ್ಡಿನಲ್ಲಿ ಯಾವ ನರ್ಸ್ ಧೈರ್ಯ ಮಾಡುತ್ತಾಳೆ?

ಏಳನೆಯ ರಾತ್ರಿಯಿಂದ ಅಮ್ಮನಿಗೆ ಗುರುತು ತಪ್ಪತೊಡಗಿತು. "ಕೊಟ್ಟಿಗೆ ಬಾಗಿಲು ಹಾಕಿದ್ಯಾ? ಕರು ಒದ್ದೆಯಾಗ್ತಿದೆ" ಎಂದು ಏಳಲು ಹೋಗುವರು, ತೂಕದ ಹಗ್ಗ ಎಳೆಯುವರು, ನೋವಿಗೆ ಚೀರುವರು. ಪಕ್ಕದ ಬೆಡ್ಡಿನವರು "ಬುದ್ಧಿ ಕೆಟ್ಟಿದೆ ಪಾಪ" ಎಂದರು. ಬುದ್ಧಿ ಕೆಟ್ಟಿರಲಿಲ್ಲ. ನೋವು, ನಿದ್ದೆಗೇಡು, ನೀರಿಲ್ಲದ ದೇಹ, ಗೊತ್ತಿಲ್ಲದ ಜಾಗ ಎಲ್ಲ ಸೇರಿದರೆ ವಯಸ್ಸಾದವರ ಮಿದುಳು ಹೀಗೆ ಬಡಬಡಿಸುತ್ತದೆ. ಎಂಟನೆಯ ದಿನ ಮೈ ಒರೆಸಲು ಮಗ್ಗುಲಾಗಿಸಿದಾಗ ಬೆನ್ನ ಬುಡದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಕಪ್ಪು ಕಂಡಿತು. ಹತ್ತೊಂಬತ್ತು ವರ್ಷ ಬೇರೆಯವರ ಬೆನ್ನಿನ ಮೇಲೆ ಆ ಕಲೆ ಬಾರದಂತೆ ಕಾದವಳು ನಾನು.

ಆಪರೇಷನ್ ಚೆನ್ನಾಗಿಯೇ ಆಯಿತು, ಎಕ್ಸ್‌ರೇಯಲ್ಲಿ ರಾಡ್ ನೆಟ್ಟಗೆ ಕೂತಿತ್ತು. ಆದರೆ ಆ ಹೊತ್ತಿಗೆ ಅಮ್ಮನಲ್ಲಿ ಎದ್ದು ನಿಲ್ಲುವ ಜೀವ ಉಳಿದಿರಲಿಲ್ಲ.

ಮಾನ್ಯರೇ, ಇದೇ ತೊಂದರೆ ಬೇರೆ ಕಡೆಯೂ ಇತ್ತು. ಇಂಗ್ಲೆಂಡಿನಲ್ಲೂ ಸೊಂಟ ಮುರಿದ ಮುದುಕರು ಲಿಸ್ಟಿನ ಕೊನೆಯಲ್ಲೇ ಕಾಯುತ್ತಿದ್ದರು. 2007ರಲ್ಲಿ ಅಲ್ಲಿ ಇವರಿಗೆಂದೇ ಒಂದು ರಾಷ್ಟ್ರೀಯ ದಾಖಲೆ ಶುರುವಾಯಿತು. ಯಾವ ಆಸ್ಪತ್ರೆಗೆ ಯಾರು ಯಾವಾಗ ಬಂದರು, ಯಾವಾಗ ಆಪರೇಷನ್ ಆಯಿತು, ತಿಂಗಳ ಮೇಲೆ ಇದ್ದಾರೋ ಇಲ್ಲವೋ ಎಂದು ಪ್ರತಿಯೊಬ್ಬರದೂ ಬರೆದರು. ಆಸ್ಪತ್ರೆಯ ಹೆಸರು ಹಾಕಿಯೇ ಪ್ರಕಟಿಸಿದರು. 2010ರಿಂದ, 36 ಗಂಟೆಯೊಳಗೆ ಆಪರೇಷನ್ ಮಾಡಿ, ವೃದ್ಧರ ಆರೈಕೆ ಗೊತ್ತಿರುವ ವೈದ್ಯರಿಂದ ನೋಡಿಸಿದ ಆಸ್ಪತ್ರೆಗೆ ಪ್ರತಿ ಕೇಸಿಗೂ ಹೆಚ್ಚುವರಿ ಹಣ ಕೊಟ್ಟರು. 2007ರಲ್ಲಿ ತಿಂಗಳೊಳಗೆ ತೀರಿಹೋಗುತ್ತಿದ್ದವರು ನೂರಕ್ಕೆ 10.9. 2011ಕ್ಕೆ ಅದು 8.5ಕ್ಕೆ ಇಳಿಯಿತು. ಹೊಸ ಔಷಧಿ ಬಂದಿರಲಿಲ್ಲ, ಹೊಸ ಯಂತ್ರ ಬಂದಿರಲಿಲ್ಲ. ಗಂಟೆ ಎಣಿಸಿದರು, ಎಣಿಸಿದ್ದನ್ನು ಮುಚ್ಚಿಡಲಿಲ್ಲ.

ಹಾಗೆಂದು ಅವಸರಕ್ಕೂ ಮಿತಿಯಿದೆ, ಅದನ್ನೂ ಹೇಳಬೇಕು. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ನಮ್ಮ ದೇಶವೂ ಸೇರಿ 17 ದೇಶಗಳ 69 ಆಸ್ಪತ್ರೆಗಳ 2,970 ರೋಗಿಗಳಿದ್ದರು. ಕೆಲವರಿಗೆ ಆರು ಗಂಟೆಯ ಸುಮಾರಿಗೆ ಆಪರೇಷನ್, ಇನ್ನು ಕೆಲವರಿಗೆ ಒಂದು ದಿನದ ಸುಮಾರಿಗೆ. ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರಿಗೆ ಬಡಬಡಿಕೆ ಕಡಿಮೆಯಾಯಿತು, ಅವರು ಬೇಗ ಎದ್ದು ನಡೆದರು. ಹಾಗಾಗಿ ನಾನು ಆರು ಗಂಟೆ ಕೇಳುತ್ತಿಲ್ಲ. ಆಸ್ಪತ್ರೆ ಸೇರಿದ ದಿನ, ಇಲ್ಲವೇ ಮರುದಿನ ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ರಸ್ತೆ, ನಮ್ಮ ದೂರ, ನಮ್ಮ ಓಟಿಗಳ ಕಷ್ಟ ನನಗೆ ಗೊತ್ತು. ಎರಡು ಹಗಲು ಎರಡು ರಾತ್ರಿ, 48 ಗಂಟೆ ಎನ್ನಿ. ಒಂಬತ್ತು ದಿನಕ್ಕೆ ಹೋಲಿಸಿದರೆ ಅದೇ ದೊಡ್ಡ ಬದಲಾವಣೆ.

ಇದು ನಮ್ಮ ಕೈಯಲ್ಲಾಗದು ಎನ್ನಬೇಡಿ. ಎದೆನೋವು ಬಂದವರ ವಿಷಯದಲ್ಲಿ ನಿಮ್ಮ ಇಲಾಖೆಯೇ ಮಾಡಿ ತೋರಿಸಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವ ಹೃದ್ರೋಗ ಆಸ್ಪತ್ರೆಯಂಥ ದೊಡ್ಡ ಕೇಂದ್ರಕ್ಕೆ ಕಳಿಸಿ, ಅಲ್ಲಿಂದ ಸೂಚನೆ ಬರುತ್ತಲೇ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತೀರಿ. ಅಲ್ಲಿ ಯಾರೂ "ನಾಳೆ ನೋಡೋಣ" ಎನ್ನುವುದಿಲ್ಲ, ಯಾಕೆಂದರೆ ಹೃದಯಕ್ಕೆ ಗಡಿಯಾರ ಇದೆ ಎಂದು ವಾರ್ಡ್ ಬಾಯ್‌ಗೂ ಗೊತ್ತು. ಸೊಂಟಕ್ಕೂ ಗಡಿಯಾರ ಇದೆ, ಅದರ ಮುಳ್ಳು ಸ್ವಲ್ಪ ನಿಧಾನ ಅಷ್ಟೆ. ತಾಲ್ಲೂಕಿನಲ್ಲಿ ಎಕ್ಸ್‌ರೇ ತೆಗೆದ ಕೂಡಲೇ ಅದರ ಫೋಟೋ ಜಿಲ್ಲೆಯ ಮೂಳೆ ಡಾಕ್ಟರಿಗೆ ಹೋಗಲಿ. ರೋಗಿ ಬಂದು ಸೇರುವ ಮುಂಚೆಯೇ ಬೆಡ್, ರಕ್ತ, ಓಟಿ ಸಮಯ ಗೊತ್ತಾಗಿರಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಕೇಸಿಗೆ ರೆಫರಲ್ ಚೀಟಿ ಬೇಡ ಎಂಬ ನಿಯಮವಿದೆ. ಅರವತ್ತು ದಾಟಿದವರ ಸೊಂಟದ ಮುರಿತ ತುರ್ತು ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಒಂದು ಸುತ್ತೋಲೆ ಹೊರಡಿಸಿ. ಕಾರ್ಡಿನಲ್ಲಿ ಅಕ್ಷರ ತಪ್ಪಿದ್ದರೆ ಆಪರೇಷನ್ ಆದ ಮೇಲೆ ತಿದ್ದಿಕೊಳ್ಳಬಹುದು. ಅಕ್ಷರ ಕಾಯುತ್ತದೆ.

ಇನ್ನು ಫಿಟ್‌ನೆಸ್. ಈ ವಯಸ್ಸಿನವರಲ್ಲಿ ಬಿಪಿ, ಶುಗರ್, ಹೃದಯದ ಸದ್ದು, ರಕ್ತ ತೆಳುವಾಗಿಸುವ ಮಾತ್ರೆ ಇಲ್ಲದವರು ಎಷ್ಟು ಜನ? ಎಲ್ಲವೂ ಸರಿಯಾಗಲಿ ಎಂದು ಕಾದರೆ ಸರಿಯಾಗುವುದು ಯಾವುದೂ ಇಲ್ಲ, ಇನ್ನಷ್ಟು ಕೆಡುತ್ತದೆ. ಎಕೋ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ, ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ ಎಂಬ ಒಂದೇ ಕಾರಣಕ್ಕೆ ಆಪರೇಷನ್ ಮುಂದೂಡಬೇಡಿ ಎಂದು ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘವೇ ಹೇಳಿದೆ. ನಮ್ಮ ಫಿಸಿಷಿಯನ್ನರು ಹೆದರುವುದೂ ಸುಮ್ಮನಲ್ಲ. ಟೇಬಲ್ ಮೇಲೆ ಏನಾದರೂ ಆದರೆ ಜನ ಬಂದು ಕಾಲರ್ ಹಿಡಿಯುತ್ತಾರೆ, ಕಾದು ಕಾದು ಸತ್ತರೆ ಯಾರೂ ಕೇಳುವುದಿಲ್ಲ. ಆದ್ದರಿಂದಲೇ ಬರಹದಲ್ಲಿ ಒಂದು ರಾಜ್ಯ ಮಾರ್ಗಸೂಚಿ ಬೇಕು. ಮೂಳೆ ಡಾಕ್ಟರ್, ಫಿಸಿಷಿಯನ್, ಅರಿವಳಿಕೆ ಡಾಕ್ಟರ್ ಮೂವರೂ ಒಂದೇ ದಿನ ಒಂದೇ ಹಾಸಿಗೆಯ ಪಕ್ಕ ನಿಂತು ತೀರ್ಮಾನಿಸಿದ್ದಕ್ಕೆ ಇಲಾಖೆ ಬೆನ್ನಿಗಿರಬೇಕು.

ರೋಗಿ ಕ್ಯಾಶುವಾಲ್ಟಿಗೆ ಬಂದ ಗಂಟೆಯಲ್ಲೇ ತೊಡೆಸಂಧಿಯ ಹತ್ತಿರ ನರ ಮರಗಟ್ಟಿಸುವ ಒಂದು ಇಂಜೆಕ್ಷನ್ ಕೊಡಬಹುದು. ತೂಕ ಕಟ್ಟುವುದಕ್ಕಿಂತ ಎಷ್ಟೋ ಪಾಲು ನೋವು ಇಳಿಸುತ್ತದೆ, ರೋಗಿಯನ್ನು ಮಗ್ಗುಲಾಗಿಸಬಹುದು, ರಾತ್ರಿ ನಿದ್ದೆ ಬರುತ್ತದೆ. ಆಪರೇಷನ್ ಆದ ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಬೇಕು. ವಾರ್ಡಿಗೆ ಫಿಸಿಯೋಥೆರಪಿಸ್ಟ್ ಇಲ್ಲದಿದ್ದರೆ ಹಾಕಿದ ರಾಡ್ ದಂಡ. ನಮ್ಮಲ್ಲಿ ಆಪರೇಷನ್ ಆದವರನ್ನು "ಅಲ್ಲಾಡಬೇಡಿ, ರೆಸ್ಟ್ ಮಾಡಿ" ಎಂದು ಮಕ್ಕಳೇ ಪ್ರೀತಿಯಿಂದ ಮಲಗಿಸುತ್ತಾರೆ. ಆ ಪ್ರೀತಿಗೆ ಬುದ್ಧಿ ಹೇಳಲು ವಾರ್ಡಿನಲ್ಲಿ ಒಬ್ಬರು ಬೇಕು.

ಡಿಸ್ಚಾರ್ಜ್ ಕಾಗದದ ಮೇಲೆ ನಾನು ಅತಿ ಕಡಿಮೆ ಕಂಡ ಔಷಧಿ ಮೂಳೆ ಗಟ್ಟಿ ಮಾಡುವುದು. ಕ್ಯಾಲ್ಸಿಯಂ ಮಾತ್ರೆ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ಒಮ್ಮೆ ಸೊಂಟ ಮುರಿದವರಿಗೆ ಇನ್ನೊಂದು ಕಡೆ ಮುರಿಯುವ ಅಪಾಯ ಬಹಳ. ಜೋಲೆಡ್ರೋನಿಕ್ ಆಸಿಡ್ ಎಂಬ ಡ್ರಿಪ್ ವರ್ಷಕ್ಕೆ ಒಂದೇ ಸಲ. ಸೊಂಟದ ಆಪರೇಷನ್ ಆದ 2,127 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಪಡೆದವರಿಗೆ ಹೊಸ ಮುರಿತ ನೂರಕ್ಕೆ 35ರಷ್ಟು, ಸಾವು ನೂರಕ್ಕೆ 28ರಷ್ಟು ಕಡಿಮೆಯಾಗಿತ್ತು. ಕಿಡ್ನಿ ಪರೀಕ್ಷೆ ನೋಡಿ ಕೊಡಬೇಕಾದ ಔಷಧಿ, ಎಲ್ಲರಿಗೂ ಹೊಂದುವುದಿಲ್ಲ ನಿಜ. ಆದರೆ ಹೊಂದುವವರಿಗೆ ಜಿಲ್ಲಾಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು.

ಬೀಳದಂತೆ ನೋಡಿಕೊಳ್ಳುವ ಕೆಲಸಕ್ಕೂ ನಿಮ್ಮ ಬಳಿ ದಾರಿಯಿದೆ. ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೆ ಬಂದು ಬಿಪಿ ಶುಗರ್ ನೋಡುತ್ತಾರೆ. ಹಾಗೆ ಬಂದವರು ಬಚ್ಚಲನ್ನೂ ಒಮ್ಮೆ ಇಣುಕಿ ನೋಡಲಿ. "ಈ ವರ್ಷ ಎಲ್ಲಾದರೂ ಬಿದ್ದಿದ್ದೀರಾ ಅಜ್ಜಿ?" ಎಂದು ಕೇಳಲಿ. ಒಮ್ಮೆ ಬಿದ್ದವರು ಮತ್ತೆ ಬೀಳುತ್ತಾರೆ. ನಿದ್ದೆ ಮಾತ್ರೆ ಎಷ್ಟು ವರ್ಷದಿಂದ ನುಂಗುತ್ತಿದ್ದಾರೆ, ಕಣ್ಣಿನ ಪೊರೆ ಬಲಿತಿದೆಯೇ, ಎದ್ದು ನಿಂತರೆ ತಲೆ ತಿರುಗುತ್ತದೆಯೇ ಎಂದು ಬರೆದುಕೊಳ್ಳಲಿ. ನಮ್ಮ ಕಡೆ ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಬಾರದೆಂದು ಅಡಿಕೆ ದಬ್ಬೆ ಹಾಸುತ್ತೇವೆ. ಬಚ್ಚಲೊಳಗೆ ಮಾತ್ರ ನುಣ್ಣನೆಯ ಟೈಲ್ಸ್ ಹಾಕಿಸಿ ಹೊಸ ಮನೆ ಎನ್ನುತ್ತೇವೆ. ಗೋಡೆಗೊಂದು ಹಿಡಿಕೆ, ಹಾಸಿಗೆ ಪಕ್ಕ ಒಂದು ಟಾರ್ಚ್, ಕಾಲಿಗೆ ಹಿಡಿತವಿರುವ ಚಪ್ಪಲಿ. ನಮ್ಮ ಮನೆಯ ಬಚ್ಚಲಿಗೆ ಸ್ಟೀಲ್ ಹಿಡಿಕೆ ಹಾಕಿಸಿದ್ದು ಅಮ್ಮ ಹೋದ ಮೇಲೆ.

ಇದನ್ನು ಓದುತ್ತಿರುವ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳಿಗೂ ಒಂದು ಮಾತು. ಮನೆಯ ಹಿರಿಯರು ಬಿದ್ದು, ಕಾಲೂರಲು ಆಗದಿದ್ದರೆ ಎಣ್ಣೆ ಹಚ್ಚಬೇಡಿ, ಎಳೆದು ನಿಲ್ಲಿಸಬೇಡಿ. ಕಾಲಿನ ನಡುವೆ ದಿಂಬಿಟ್ಟು 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಬಿದ್ದ ಸಮಯ ಹೇಳಿ, ಬರೆದುಕೊಳ್ಳಿ ಎಂದು ಕೇಳಿ. "ಈ ವಯಸ್ಸಲ್ಲಿ ಆಪರೇಷನ್ ಯಾಕೆ, ಮನೆಗೆ ಕರ್ಕೊಂಡು ಹೋಗೋಣ" ಎನ್ನುವ ನೆಂಟರು ಇರುತ್ತಾರೆ. ಆಪರೇಷನ್ ಮಾಡುವುದು ನೂರು ವರ್ಷ ಬದುಕಿಸುವುದಕ್ಕೆ ಮಾತ್ರವಲ್ಲ ಎಂದು ಅವರಿಗೆ ತಿಳಿಸಿ ಹೇಳಿ. ಮುರಿದ ಮೂಳೆ ಒಳಗೆ ಉಜ್ಜುತ್ತಿರುವಾಗ ಮಗ್ಗುಲು ಬದಲಿಸಲೂ ಆಗದ ನೋವಿನಿಂದ ಬಿಡಿಸುವುದಕ್ಕೂ ಅದೇ ದಾರಿ.

ಸಚಿವರೇ, ಎರಡು ಸಮಯ ಬರೆಸುವುದಕ್ಕೆ ಬಜೆಟ್ ಬೇಡ. ಒಂದು ಸುತ್ತೋಲೆ, ಒಂದು ರಬ್ಬರ್ ಸ್ಟಾಂಪ್ ಸಾಕು. ನಾಳೆಯೇ ಶುರುವಾಗಬಹುದು. ಮೂರು ತಿಂಗಳು ಕಳೆದು ಜಿಲ್ಲಾವಾರು ಲೆಕ್ಕ ನಿಮ್ಮ ಮೇಜಿಗೆ ಬಂದಾಗ, ಯಾವ ಜಿಲ್ಲೆಯಲ್ಲಿ ಅರಿವಳಿಕೆ ಡಾಕ್ಟರ್ ಇಲ್ಲ, ಎಲ್ಲಿ ಭಾನುವಾರ ಓಟಿ ಮುಚ್ಚಿರುತ್ತದೆ, ಎಲ್ಲಿ ಮಂಜೂರಾತಿ ಸಿಕ್ಕಿಕೊಳ್ಳುತ್ತದೆ ಎಂದು ನಾನು ಹೇಳಬೇಕಾಗುವುದಿಲ್ಲ.

ಅಮ್ಮನ ಕೇಸ್ ಶೀಟಿನಲ್ಲಿ ಬಿದ್ದ ಗಂಟೆಯನ್ನು ಯಾರೂ ಬರೆದಿರಲಿಲ್ಲ. ಡಿಸ್ಚಾರ್ಜ್ ಕಾಗದದ ಮೂಲೆಯಲ್ಲಿ ನಾನೇ ಪೆನ್ನಿನಿಂದ ಬರೆದಿಟ್ಟಿದ್ದೇನೆ: ಬುಧವಾರ, 5.30. ಇಲಾಖೆ ಕರೆದರೆ ಆ ಕಾಗದ ಹಿಡಿದು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ನಿವೃತ್ತ ನರ್ಸ್